ಪ ಸ ಗ ಧ: ಪ್ರಾಥಮಿಕ ಶಾಲೆಯೊಳಗೆ ಯುಕುಲೇಲೆ

ಮೊದಲ ದಿನ ಯುಕುಲೇಲೆಯನ್ನು ಚೀಲದಿಂದ ಹೊರಗೆ ತೆಗೆದಾಗ ಐದನೇ ತರಗತಿಯ ಹುಡುಗನೊಬ್ಬ ಕೇಳಿದ: "ಸರ್, ಗಿಟಾರ್ ಮರಿ ಏನ್ರೀ ಇದು?" ಸಂಜೆ ಅವನನ್ನು ಕರೆದೊಯ್ಯಲು ಬಂದ ಅಜ್ಜಿ ಅದನ್ನು ನೋಡಿ, "ನಮ್ಮ ತುಂತುಣಿ ಇದ್ದಂಗ ಅದ ಬಿಡ್ರಿ" ಅಂದರು. ತುಂತುಣಿ ಅಂದರೆ ಹಾಡಿಗೆ ಶ್ರುತಿ ಹಿಡಿಯುವ ಒಂದೇ ತಂತಿಯ ವಾದ್ಯ. ಇಬ್ಬರ ಮಾತೂ ಸರಿಯೇ. ಆದರೆ ನನ್ನ ಕೆಲಸಕ್ಕೆ ಬಂದದ್ದು ಅಜ್ಜಿಯ ಮಾತು.

ನಾನು ಸಂಗೀತದ ಮೇಷ್ಟ್ರಲ್ಲ. ಕಲಬುರಗಿಯಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಊರ ಭಜನಿ ಮೇಳದಲ್ಲಿ ಕುಳಿತು ಹಾರ್ಮೋನಿಯಂ ಅಷ್ಟಿಷ್ಟು ಕಲಿತವನು. ನಮ್ಮ ಶಾಲೆಯಲ್ಲಿ ಸಂಗೀತ ಶಿಕ್ಷಕರು ಇಲ್ಲ. ಆದರೆ ಹಾಡು ಇಲ್ಲದ ಪ್ರಾಥಮಿಕ ಶಾಲೆ ಎಲ್ಲಿದೆ ಹೇಳಿ? ನಲಿ-ಕಲಿಯ ಮಕ್ಕಳು ದಿನವೂ ಹಾಡುತ್ತಾರೆ. ಆ ಹಾಡಿಗೆ ಮಕ್ಕಳೇ ಜೊತೆ ನುಡಿಸಬಹುದಾದ ಒಂದು ವಾದ್ಯ ಬೇಕು ಅನ್ನಿಸುವ ನನ್ನಂಥ ಮೇಷ್ಟ್ರಿಗೆ, ಟೀಚರಿಗೆ ಈ ಬರಹ.

ಇಂಟರ್ನೆಟ್ಟಿನಲ್ಲಿ ಯುಕುಲೇಲೆ ಪಾಠ ಬೇಕಾದಷ್ಟಿದೆ. ಬಹುಪಾಲು ಎಲ್ಲವೂ ಕಾರ್ಡ್‌ನಿಂದ (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು) ಶುರುವಾಗುತ್ತವೆ, ಇಂಗ್ಲಿಷ್ ಹಾಡಿನಲ್ಲಿ ಮುಗಿಯುತ್ತವೆ. ನಾನೂ ಮೊದಲ ವರ್ಷ ಹಾಗೇ ಮಾಡಿ ಕೈ ಸುಟ್ಟುಕೊಂಡೆ. ಮಕ್ಕಳಿಗೆ ಬೆರಳು ಕೂತಿತು, ಬಾಯಿ ಮುಚ್ಚಿತು. ನುಡಿಸುವಾಗ ಹಾಡುತ್ತಿರಲಿಲ್ಲ, ಹಾಡುವಾಗ ನುಡಿಸುತ್ತಿರಲಿಲ್ಲ. ಎರಡನೇ ವರ್ಷ ಅಜ್ಜಿಯ ತುಂತುಣಿ ನೆನಪಾಯಿತು. ಹಾಡಿನ ಕೆಳಗೆ ಒಂದು ಸ್ವರ ಹಿಡಿದು ಕೂರುವುದು ನಮ್ಮ ಕಡೆಯ ಮಕ್ಕಳಿಗೆ ಹುಟ್ಟಿನಿಂದ ಗೊತ್ತು. ಮನೆಯಲ್ಲಿ ಏಕತಾರಿ ಕೇಳಿರುತ್ತಾರೆ, ಗುಡಿಯಲ್ಲಿ ತಂಬೂರಿ ಕೇಳಿರುತ್ತಾರೆ. ಅಲ್ಲಿಂದಲೇ ಶುರು ಮಾಡಿದರೆ ದಾರಿ ಅರ್ಧ ಸವೆದಂತೆ.

ಇದೇ ವಾದ್ಯ ಯಾಕೆ

ಹಾರ್ಮೋನಿಯಂ ಒಂದೇ ಇರುತ್ತದೆ, ಒಬ್ಬರೇ ನುಡಿಸಬೇಕು. ತಬಲಾ ಕೂರಲು ವರ್ಷಗಳು ಬೇಕು. ನಲವತ್ತು ಮಕ್ಕಳಿಗೆ ಒಟ್ಟಿಗೆ ಕೊಳಲು ಕೊಟ್ಟು ನೋಡಿ, ಪಕ್ಕದ ತರಗತಿಯ ಟೀಚರ್ ನಿಮ್ಮೊಂದಿಗೆ ಮಾತು ಬಿಡುತ್ತಾರೆ. ಅಲ್ಲದೆ ಕೊಳಲು ಬಾಯಲ್ಲಿದ್ದರೆ ಹಾಡುವುದು ಹೇಗೆ? ಗಿಟಾರಿನ ಉಕ್ಕಿನ ತಂತಿ ಎಳೆಯ ಬೆರಳನ್ನು ಕೊಯ್ಯುತ್ತದೆ. ಯುಕುಲೇಲೆಗೆ ನಾಲ್ಕೇ ತಂತಿ, ಅದೂ ನೈಲಾನಿನದು. ಸದ್ದು ಸಣ್ಣದು, ಮಕ್ಕಳ ದನಿಯನ್ನು ಮುಳುಗಿಸುವುದಿಲ್ಲ.

ಅದರ ಕತೆಯನ್ನು ಮಕ್ಕಳಿಗೆ ಹೇಳಿ, ಐದು ನಿಮಿಷ ಸಾಕು. ಪೋರ್ಚುಗಲ್ಲಿನ ಮದೇರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆಂದು ಜನ ಹಡಗು ಹತ್ತಿದರು. ರೇವನ್ಸ್‌ಕ್ರ್ಯಾಗ್ ಎಂಬ ಆ ಹಡಗು 1879ರ ಆಗಸ್ಟ್‌ನಲ್ಲಿ ಹವಾಯಿಯ ಹೊನೊಲುಲು ತಲುಪಿತು. ಅದರಲ್ಲಿ ಮರಗೆಲಸ ಬಲ್ಲ ಮೂವರು ಇದ್ದರು: ಮ್ಯಾನುಯೆಲ್ ನೂನೆಸ್, ಅಗಸ್ಟೊ ಡಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ. ತಮ್ಮೂರಿನ ಪುಟ್ಟ ತಂತಿವಾದ್ಯವನ್ನು ಅವರು ಅಲ್ಲಿ ಮಾಡತೊಡಗಿದರು. ಹವಾಯಿಯವರು ಅದನ್ನು ತಮ್ಮದಾಗಿ ಮಾಡಿಕೊಂಡು 'ಯುಕುಲೇಲೆ' ಎಂದರು. 'ಜಿಗಿಯುವ ಚಿಗಟ' ಅಂತ ಅದರ ಅರ್ಥ ಹೇಳುತ್ತಾರೆ. ಚಿಗಟ ಅಂದ ಕೂಡಲೇ ತರಗತಿ ನಗುತ್ತದೆ. ಕಬ್ಬಿನ ಕೂಲಿಗೆ ಊರು ಬಿಟ್ಟು ಹೋದವರ ಮಾತು ಬಂದಾಗ ಮಾತ್ರ ನಮ್ಮ ಲಂಬಾಣಿ ತಾಂಡಾದ ಮಕ್ಕಳು ಸುಮ್ಮನೆ ಕೇಳುತ್ತಾರೆ. ಅವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಗೆ ಈ ವಾದ್ಯ ಹೊಸದೇನಲ್ಲ. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಜೆ. ಚಾಮರ್ಸ್ ಡೋನ್ ಎಂಬ ಶಿಕ್ಷಕರು 1960ರ ದಶಕದಲ್ಲೇ ಇದನ್ನು ಶಾಲೆಗಳಿಗೆ ತಂದರು. ಹೆಡ್ ಮಾಸ್ತರರು "ಇದೆಲ್ಲ ಎಲ್ಲಿಂದ ತಂದ್ರಿ?" ಎಂದು ಕೇಳಿದರೆ ಈ ಮಾತು ಉಪಯೋಗಕ್ಕೆ ಬರುತ್ತದೆ.

ಕೊಳ್ಳುವಾಗ

ಯುಕುಲೇಲೆಯಲ್ಲಿ ನಾಲ್ಕು ಅಳತೆ: ಸೊಪ್ರಾನೊ ಸುಮಾರು 21 ಇಂಚು, ಕಾನ್ಸರ್ಟ್ 23, ಟೆನರ್ 26, ಬ್ಯಾರಿಟೋನ್ 30. ಮೂರರಿಂದ ಐದನೇ ತರಗತಿಗೆ ಸೊಪ್ರಾನೊ ಸಾಕು. ಆರು, ಏಳರ ಮಕ್ಕಳಿಗೆ ಒಂದೆರಡು ಕಾನ್ಸರ್ಟ್ ಇದ್ದರೆ ಒಳ್ಳೆಯದು. ಬ್ಯಾರಿಟೋನ್ ಕೊಳ್ಳಬೇಡಿ, ಅದರ ಶ್ರುತಿಯೇ ಬೇರೆ.

ಕಲಿಕೆಗೆ ತಕ್ಕ ಸೊಪ್ರಾನೊ ಸುಮಾರು 1,500ರಿಂದ 3,000 ರೂಪಾಯಿಗೆ ಸಿಗುತ್ತದೆ. ಅದಕ್ಕಿಂತ ತೀರಾ ಅಗ್ಗದ್ದು ಕಂಡರೆ ಆಸೆ ಪಡಬೇಡಿ. ನಾನು ಪಟ್ಟೆ. ಆನ್‌ಲೈನ್‌ನಲ್ಲಿ ಬಣ್ಣಬಣ್ಣದ ಆರು ತರಿಸಿದೆ. ನೋಡಲು ಚಂದ, ಶ್ರುತಿ ಮಾತ್ರ ಎರಡು ನಿಮಿಷ ನಿಲ್ಲುತ್ತಿರಲಿಲ್ಲ. ಅವು ಆಟಿಕೆಗಳು. ಈಗ ನಲಿ-ಕಲಿ ಕೋಣೆಯ ಮೂಲೆಯಲ್ಲಿವೆ, ಒಂದನೇ ತರಗತಿಯವರು ಆಡುತ್ತಾರೆ. ಮಕ್ಕಳು ತಮ್ಮ ಕೈ ಸರಿಯಿಲ್ಲ ಅಂದುಕೊಂಡು ಅಳುಮೋರೆ ಮಾಡಿದ್ದರಲ್ಲ, ಅದು ನನಗೆ ಆರು ವಾದ್ಯದ ದುಡ್ಡಿಗಿಂತ ಜಾಸ್ತಿ ಚುಚ್ಚಿತು.

ಆದ್ದರಿಂದ ಮೊದಲು ಒಂದೇ ಒಂದು ತರಿಸಿ, ಪರೀಕ್ಷೆ ಮಾಡಿ, ಆಮೇಲೆ ಉಳಿದವು. ಪರೀಕ್ಷೆ ಸುಲಭ. ಒಂದು ತಂತಿಯನ್ನು ಬರಿದೇ ಮೀಟಿ. ಅದನ್ನೇ ಹನ್ನೆರಡನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡಗಂಬಿ) ಒತ್ತಿ ಮೀಟಿ. ಅದೇ ಸ್ವರ ಮೇಲಿನ ಸಪ್ತಕದಲ್ಲಿ ಬರಬೇಕು. ಶ್ರುತಿ ತೋರಿಸುವ ಟ್ಯೂನರ್ ಹಚ್ಚಿ ನೋಡಿದರೆ ಮುಳ್ಳು ಎರಡೂ ಸಲ ನಡುವೆ ನಿಲ್ಲಬೇಕು. ತೀರಾ ಆಚೀಚೆ ಹೋದರೆ ವಾಪಸ್ ಕಳಿಸಿ. ಹನ್ನೆರಡನೇ ಫ್ರೆಟ್‌ನ ಹತ್ತಿರ ತಂತಿ ಮೂರು ಮಿಲಿಮೀಟರಿಗಿಂತ ಎತ್ತರದಲ್ಲಿದ್ದರೆ ಮಕ್ಕಳ ಬೆರಳಿಗೆ ಒತ್ತಲು ಕಷ್ಟ. ಕತ್ತಿನ ಅಂಚಿನ ಮೇಲೆ ಬೆರಳು ಸವರಿ, ಫ್ರೆಟ್‌ನ ತುದಿ ತರಚಬಾರದು. ಶ್ರುತಿಯ ಬಿರಡೆ ಹಲ್ಲಿನ ಚಕ್ರ ಇರುವಂಥದ್ದಾಗಿರಲಿ. ಬರೀ ತಿರುಪಿನ ಬಿರಡೆ ಸಣ್ಣ ಕೈಗೆ ಜಾರುತ್ತದೆ.

ಎಷ್ಟು ಬೇಕು? ನಲವತ್ತು ಮಕ್ಕಳ ತರಗತಿಗೆ ಹತ್ತು ಸಾಕು. ನಲವತ್ತು ಇದ್ದರೆ ಇನ್ನೂ ಒಳ್ಳೆಯದು ಅಂತ ನಿಮಗೆ ಅನ್ನಿಸಬಹುದು, ನನಗೆ ಹಾಗೆ ಅನ್ನಿಸುವುದಿಲ್ಲ. ಕಾರಣ ಮುಂದೆ ಬರುತ್ತದೆ. ಹತ್ತರ ಜೊತೆಗೆ ಎರಡು ಕ್ಲಿಪ್ ಟ್ಯೂನರ್, ನಾಲ್ಕು ಸೆಟ್ ತಂತಿ ತರಿಸಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹಣ ಕೇಳುವ ಮೊದಲು ಇಬ್ಬರು ಮಕ್ಕಳಿಗೆ ಒಂದು ಹಾಡು ಕಲಿಸಿ, ಸಭೆಯಲ್ಲೇ ಹಾಡಿಸಿ. ಅರ್ಜಿಯಿಂದ ಆಗದ್ದು ಹಾಡಿನಿಂದ ಆಗುತ್ತದೆ. ನಮ್ಮಲ್ಲಿ ತೊಗರಿ ಮಾರಿ ಬಂದ ದುಡ್ಡಿನಲ್ಲಿ ಒಬ್ಬ ಸದಸ್ಯರು ಅಲ್ಲೇ ಎರಡಕ್ಕೆ ಒಪ್ಪಿಕೊಂಡರು.

ಶ್ರುತಿ: ನಿಜವಾದ ಕೆಲಸ ಇದೇ

ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಮುಖಕ್ಕೆ ಹತ್ತಿರ ಇರುವುದು ನಾಲ್ಕನೇ ತಂತಿ, ನೆಲಕ್ಕೆ ಹತ್ತಿರ ಇರುವುದು ಒಂದನೇ ತಂತಿ. ಮುಖದ ಕಡೆಯಿಂದ ಎಣಿಸಿದರೆ ಪಾಶ್ಚಾತ್ಯ ಹೆಸರು ಜಿ, ಸಿ, ಇ, ಎ. ಹಾರ್ಮೋನಿಯಂನ ಬಿಳಿ ಒಂದನ್ನು, ಅಂದರೆ ಸಿ ಸ್ವರವನ್ನು, ಷಡ್ಜ (ಸ) ಅಂತ ಹಿಡಿಯಿರಿ. ಆಗ ನಾಲ್ಕು ತಂತಿಗಳು ಪ, ಸ, ಗ, ಧ ಆಗುತ್ತವೆ.

ಇದು ಹೊಳೆದ ದಿನ ನಾನು ಸ್ಟಾಫ್ ರೂಮಿನಲ್ಲಿ ಒಬ್ಬನೇ ನಕ್ಕೆ. ಭೂಪ್ ರಾಗದ ಐದು ಸ್ವರಗಳಲ್ಲಿ ನಾಲ್ಕು ಏನೂ ಒತ್ತದೆ ಬರಿದೇ ಸಿಗುತ್ತವೆ! ರಿ ಒಂದೇ ಬಾಕಿ. ಕರ್ನಾಟಕ ಸಂಗೀತದವರು ಇದೇ ಸ್ವರಗಳನ್ನು ಮೋಹನ ಅನ್ನುತ್ತಾರೆ. ಅಂದ ಮೇಲೆ ಮಕ್ಕಳಿಗೆ ಜಿ-ಸಿ-ಇ-ಎ ಬಾಯಿಪಾಠ ಮಾಡಿಸುವ ಅಗತ್ಯವೇ ಇಲ್ಲ. ಪ-ಸ-ಗ-ಧ ಸಾಕು. ಕನ್ನಡ ಮನೆಯ ಮಗು, ದಖನಿ ಉರ್ದು ಮನೆಯ ಮಗು, ಲಂಬಾಣಿ ಮನೆಯ ಮಗು ಎಲ್ಲರಿಗೂ ಸರಿಗಮ ಒಂದೇ.

ಒಂದು ವಿಚಿತ್ರ ಗಮನಿಸಿ. ಗಿಟಾರಿನಲ್ಲಿ ಮುಖದ ಕಡೆಯ ತಂತಿಯ ಸ್ವರವೇ ಎಲ್ಲಕ್ಕಿಂತ ಕೆಳಗಿನದು. ಇಲ್ಲಿ ಹಾಗಲ್ಲ. ಮೇಲಿನ 'ಪ' ಎತ್ತರದ್ದು, ಮುಂದಿನ 'ಸ' ಎಲ್ಲಕ್ಕಿಂತ ಕೆಳಗಿನದು, ಅಲ್ಲಿಂದ ಮತ್ತೆ ಏರುತ್ತದೆ. ನಾಲ್ಕೂ ಒಂದೇ ಸಪ್ತಕದೊಳಗೆ ಇವೆ. ಇದು ಗೊತ್ತಿಲ್ಲದೆ ತಂತಿ ಹರಿದವರು ಬಹಳ ಜನ. ಸಾಮಾನ್ಯ ಟ್ಯೂನರ್ ಸ್ವರದ ಹೆಸರನ್ನು ತೋರಿಸುತ್ತದೆ, ಸಪ್ತಕವನ್ನು ತೋರಿಸುವುದಿಲ್ಲ. 'ಎ' ಬರಲಿಲ್ಲ ಎಂದು ತಿರುವುತ್ತಾ ಹೋದರೆ ಮೇಲಿನ 'ಎ' ಸಿಗುವ ಮೊದಲೇ ತಂತಿ ಟಪ್ ಅನ್ನುತ್ತದೆ. ಮೊದಲ ಕೆಲವು ಸಲ ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು, ಮಧ್ಯ ಸಪ್ತಕದ ಬಿಳಿ ಒಂದರಿಂದ ಸ, ಗ, ಪ, ಧ ನುಡಿಸಿ, ಕಿವಿಯಲ್ಲಿ ಹೋಲಿಸಿಕೊಂಡು ಆಮೇಲೆ ಟ್ಯೂನರ್ ನೋಡಿ. 'ಧ' ತಂತಿ ಟ್ಯೂನರಿನ 440 ಹರ್ಟ್ಜ್‌ಗೆ ಕೂತರೆ ಸರಿ.

ಈಗ ಗಣಿತ. ಹತ್ತು ವಾದ್ಯ ಅಂದರೆ ನಲವತ್ತು ತಂತಿ. ತಂತಿಗೆ ಅರ್ಧ ನಿಮಿಷ ಹಿಡಿದರೂ ಇಪ್ಪತ್ತು ನಿಮಿಷ. ಪೀರಿಯಡ್ ಇರುವುದೇ ನಲವತ್ತು ನಿಮಿಷ. ತರಗತಿಯಲ್ಲಿ ಶ್ರುತಿ ಮಾಡಲು ಕುಳಿತರೆ ಮುಗಿಯಿತು, ಮಕ್ಕಳು ಕಿಟಕಿ ಹತ್ತುತ್ತಾರೆ. ನಲವತ್ತು ವಾದ್ಯ ಬೇಡ ಅಂದದ್ದು ಇದಕ್ಕೇ. ಪ್ರಾರ್ಥನೆಗೆ ಮೊದಲೇ ಈ ಕೆಲಸ ಮುಗಿದಿರಬೇಕು. ನಾನು ಏಳನೇ ತರಗತಿಯ ನಾಲ್ವರನ್ನು ತಯಾರು ಮಾಡಿದ್ದೇನೆ. ಬಿರಡೆಗೆ ನಮ್ಮ ಮಕ್ಕಳು ಇಟ್ಟ ಹೆಸರು 'ಕಿವಿ'. ಕಿವಿ ಹಿಂಡುವ ಅಧಿಕಾರ ಈ ನಾಲ್ವರಿಗೆ ಮತ್ತು ನನಗೆ ಮಾತ್ರ. ಬೇರೆಯವರು ಮುಟ್ಟಿದರೆ ಆ ದಿನ ಅವರಿಗೆ ಯುಕುಲೇಲೆ ಇಲ್ಲ. ಕಠಿಣ ಅನ್ನಿಸಿದರೂ ಈ ಒಂದು ನಿಯಮ ಸಡಿಲ ಬಿಡಬೇಡಿ.

ಫೋನಿನ ಟ್ಯೂನರ್ ಆ್ಯಪ್ ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಶಾಲೆಯ ಗದ್ದಲದಲ್ಲಿ ಅದಕ್ಕೆ ತಲೆ ಕೆಡುತ್ತದೆ. ಕ್ಲಿಪ್ ಟ್ಯೂನರ್ ವಾದ್ಯದ ತಲೆಗೆ ಕಚ್ಚಿಕೊಂಡು ಮರದ ನಡುಕವನ್ನು ಓದುತ್ತದೆ, ಪಕ್ಕದಲ್ಲಿ ಮಗ್ಗಿ ಹೇಳುತ್ತಿದ್ದರೂ ಅದಕ್ಕೆ ತೊಂದರೆ ಇಲ್ಲ. ತಂತಿಯನ್ನು ಯಾವಾಗಲೂ ಕೆಳಗಿನಿಂದ ಏರಿಸಿ ಸ್ವರಕ್ಕೆ ತನ್ನಿ. ಮೀರಿ ಹೋದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಎರಡು ಹಾಡು ಮುಗಿಯುವಷ್ಟರಲ್ಲಿ ಸಡಿಲಾಗುತ್ತದೆ. ಹೊಸ ನೈಲಾನ್ ತಂತಿ ಒಂದೆರಡು ವಾರ ಹಿಗ್ಗುತ್ತಲೇ ಇರುತ್ತದೆ, ವಾದ್ಯ ಕೆಟ್ಟಿದೆ ಅಂದುಕೊಳ್ಳಬೇಡಿ. ಇನ್ನು ಉಕ್ಕಿನ ತಂತಿಯನ್ನು ಇದಕ್ಕೆ ಎಂದೂ ಹಾಕಬೇಡಿ, ಅದರ ಸೆಳೆತಕ್ಕೆ ಮರ ಬಾಗುತ್ತದೆ.

ನಿಮ್ಮ ಮಕ್ಕಳ ದನಿಗೆ ಬಿಳಿ ಒಂದು ಕೆಳಗೆ ಅನ್ನಿಸಿದರೆ ನಾಲ್ಕೂ ತಂತಿಯನ್ನು ಎರಡು ಸ್ಥಾನ ಏರಿಸಿ ಬಿಳಿ ಎರಡಕ್ಕೆ ಷಡ್ಜ ತನ್ನಿ. ಕೆನಡಾದ ಶಾಲೆಗಳಲ್ಲಿ ಇದೇ ಶ್ರುತಿ ಬಳಸುತ್ತಿದ್ದರು. ಬೆರಳು ಇಡುವ ಜಾಗ ಏನೂ ಬದಲಾಗುವುದಿಲ್ಲ.

ಹತ್ತು ವಾದ್ಯ, ನಲವತ್ತು ಮಕ್ಕಳು

ತರಗತಿಯನ್ನು ನಾಲ್ಕು ಗುಂಪು ಮಾಡಿ. ಒಂದು ಗುಂಪು ನುಡಿಸುತ್ತದೆ. ಒಂದು ಹಾಡುತ್ತದೆ. ಒಂದು ತಾಳ ಹಾಕುತ್ತದೆ: ಚಪ್ಪಾಳೆ, ಕೋಲು, ತಾಳ, ಸಿಕ್ಕರೆ ಒಂದು ದಪ್ಪು. ನಾಲ್ಕನೆಯದು ರಟ್ಟಿನ ಯುಕುಲೇಲೆಯ ಗುಂಪು. ಎಂಟು ನಿಮಿಷಕ್ಕೊಮ್ಮೆ ಜಾಗ ಬದಲು.

ರಟ್ಟಿನದು ಅಂದರೆ ಮೋಸ ಅಂತ ಮಕ್ಕಳು ಮೊದಲು ಮುಖ ಗಂಟು ಹಾಕುತ್ತಾರೆ. ಆದರೆ ಬೆರಳು ಕಲಿಯುವುದು ಅಲ್ಲೇ. ಒಂದಡಿ ಉದ್ದ, ಎರಡು ಬೆರಳು ಅಗಲದ ರಟ್ಟು ಕತ್ತರಿಸಿ. ಉದ್ದಕ್ಕೆ ನಾಲ್ಕು ಗೆರೆ, ಅವು ತಂತಿ. ತುದಿಯಿಂದ ಸುಮಾರು 2, 3.8, 5.5 ಸೆಂಟಿಮೀಟರಿಗೆ ಅಡ್ಡಗೆರೆ ಹಾಕಿ, ಅವು ಸೊಪ್ರಾನೊದ ಮೊದಲ ಮೂರು ಫ್ರೆಟ್. ಗೆರೆಗಳ ನಡುವಿನ ಜಾಗ ಕಡಿಮೆಯಾಗುತ್ತಾ ಹೋಗುವುದು ಯಾಕೆ ಎಂದು ಆರನೇ ತರಗತಿಯವರು ಕೇಳಿದರೆ ನಿಮ್ಮ ಗಣಿತದ ಪಾಠವೂ ಆಯಿತು. ಫ್ರೆಟ್ ಎಂಬ ಪದವನ್ನು ನಮ್ಮ ಮಕ್ಕಳು ಬಳಸುವುದಿಲ್ಲ. ಚೌಕಾಬಾರದ ಹಾಗೆ 'ಮನೆ' ಅನ್ನುತ್ತಾರೆ: ಒಂದನೇ ಮನೆ, ಮೂರನೇ ಮನೆ. ಮುಂದೆ ನಾನೂ ಹಾಗೇ ಬರೆಯುತ್ತೇನೆ.

ಮನೆ ಗುರುತಿಸಲು ಅಂಗಡಿಯಿಂದ ದುಬಾರಿ ಸ್ಟಿಕ್ಕರ್ ತರಬೇಡಿ. ಹತ್ತು ರೂಪಾಯಿಯ ಟಿಕಳಿ (ಹಣೆಗೆ ಅಂಟಿಸುವ ಬಿಂದಿ) ಪ್ಯಾಕೆಟ್ ಸಾಕು. ತಂತಿಯ ಕೆಳಗೆ ಕತ್ತಿನ ಮೇಲೆ ಅಂಟಿಸಿ. ಒಂದೊಂದು ಕಾರ್ಡ್‌ಗೆ ಒಂದೊಂದು ಬಣ್ಣ. ತಿಂಗಳಿಗೊಮ್ಮೆ ಕಿತ್ತು ಬರುತ್ತದೆ, ಇನ್ನೊಂದು ಹಚ್ಚಿದರಾಯಿತು. "ಸರ್, ಇವತ್ತು ನಮ್ಮ ಯುಕುಲೇಲಿ ಮದುಮಗಳಾಗ್ಯದ" ಎಂದಿದ್ದಳು ಒಬ್ಬಳು.

ಬೆಂಚು ಬೇಡ, ನೆಲದ ಮೇಲೆ ಕೂರಿಸಿ. ಪಟ್ಟಾಗಿ ಕುಳಿತ ತೊಡೆಯ ಮೇಲೆ ವಾದ್ಯ ಚೆನ್ನಾಗಿ ನಿಲ್ಲುತ್ತದೆ. ಆದರೆ ನಮ್ಮ ಕಡೆ ಶಾಲೆಯ ನೆಲ ಶಹಾಬಾದ್ ಕಲ್ಲಿನದು. ಅದರ ಮೇಲೆ ಬಿದ್ದರೆ ತೆಳು ಮರ ಉಳಿಯುವುದಿಲ್ಲ. ಜಮಖಾನ ಹಾಸದೆ ಚೀಲದಿಂದ ವಾದ್ಯ ತೆಗೆಯಲೇಬಾರದು. ಎಡಗೈ ಉಗುರು ಕತ್ತರಿಸಿರಬೇಕು, ಇಲ್ಲದಿದ್ದರೆ ತಂತಿ ಪೂರ್ತಿ ಒತ್ತುವುದಿಲ್ಲ. ಸೋಮವಾರದ ಉಗುರು ತಪಾಸಣೆಗೆ ಕೊನೆಗೂ ಮಕ್ಕಳು ಒಪ್ಪುವ ಕಾರಣ ಸಿಕ್ಕಿತು.

ಎಡಚ ಮಕ್ಕಳು? ಮೊದಲು ಎಲ್ಲರಂತೆ ಹಿಡಿಯಲು ಹೇಳಿ, ಎಡಗೈಗೆ ಹೇಗೂ ಕೆಲಸ ಜಾಸ್ತಿ ಇದೆ. ಕೆಲವರಿಗೆ ಅದೇ ಸಲೀಸು. ಎರಡು ವಾರ ಆದರೂ ಒಗ್ಗದಿದ್ದರೆ ಒಂದು ಯುಕುಲೇಲೆಗೆ ತಂತಿಗಳನ್ನು ತಿರುವುಮುರುವು ಹಾಕಿ ಅವರಿಗೆಂದೇ ಇಡಿ. ಒತ್ತಾಯ ಮಾಡಬೇಡಿ.

ಮೊದಲ ತಿಂಗಳು ಕಾರ್ಡ್ ಬೇಡ

ಮೊದಲ ವಾರ ಎಡಗೈಗೆ ಏನೂ ಕೆಲಸ ಇಲ್ಲ. ಬಲ ಹೆಬ್ಬೆರಳಿನಿಂದ ಮುಖದ ಕಡೆಯ ಎರಡು ತಂತಿ ಮಾತ್ರ ಮೀಟಬೇಕು: ಪ, ಸ. ಪ, ಸ. ತಂಬೂರಿಯಲ್ಲೂ ಮೊದಲು ಪ, ಆಮೇಲೆ ಸ ಬರುತ್ತದೆ. ಅಲ್ಲಿನ ಪ ಕೆಳಗಿನದು, ಇಲ್ಲಿನದು ಮೇಲಿನದು, ಅಷ್ಟೇ ವ್ಯತ್ಯಾಸ. ಇದರ ಮೇಲೆ ಮಕ್ಕಳು ತಮಗೆ ಬರುವ ಹಾಡನ್ನು ಹಾಡಲಿ. ಹಾಡುವ ಗುಂಪಿಗೆ ನೀವು ಮೊದಲ ಸ್ವರ ಹಿಡಿದು ಕೊಡಬೇಕು, ಇಲ್ಲದಿದ್ದರೆ ಅವರ ಷಡ್ಜ ಒಂದು ಕಡೆ, ತಂತಿಯ ಷಡ್ಜ ಇನ್ನೊಂದು ಕಡೆ ಆಗುತ್ತದೆ. ನಮ್ಮಲ್ಲಿ ಎರಡನೇ ದಿನವೇ ಒಬ್ಬ ಹುಡುಗಿ ಕಣ್ಣು ಮುಚ್ಚಿಕೊಂಡು ಮೀಟತೊಡಗಿದಳು. ಅವರ ತಾತ ಏಕತಾರಿ ಹಿಡಿದು ತತ್ವಪದ ಹಾಡುವವರು. ಅವಳಿಗೆ ನಾನು ಕಲಿಸಲು ಏನೂ ಇರಲಿಲ್ಲ.

ಎರಡನೇ ವಾರ ತಾಳ. ತಬಲಾ ಬಲ್ಲವರೊಬ್ಬರನ್ನು ಅರ್ಧ ಗಂಟೆ ಕರೆಯಿರಿ, ಭಜನಿ ಮೇಳದಲ್ಲಿ ಸಿಕ್ಕೇ ಸಿಗುತ್ತಾರೆ. ದಾದರಾ ತಾಳದ ಆರು ಮಾತ್ರೆ, ಅಂದರೆ ಆರು ಎಣಿಕೆ, ಬಾಯಲ್ಲಿ ಹೇಳಿಸಿ: ಧಾ ಧಿ ನಾ, ಧಾ ತಿ ನಾ. 'ಧಾ' ಬಂದಾಗ ಹೆಬ್ಬೆರಳು 'ಪ' ತಂತಿಯ ಮೇಲೆ, ಉಳಿದ ಮಾತ್ರೆಗೆ 'ಸ' ತಂತಿಯ ಮೇಲೆ. ಇದು ಕೂತ ಮೇಲೆ ಕೆಹರ್ವಾದ ಎಂಟು. ಬಾಯಲ್ಲಿ ಬೋಲ್ (ಧಾ ಧಿ ನಾದಂಥ ತಬಲಾ ನುಡಿ) ಹೇಳದೆ ಕೈ ಆಡಿಸಲು ಬಿಡಬೇಡಿ. ಬಾಯಿ ತಪ್ಪದಿದ್ದರೆ ಕೈಯೂ ತಪ್ಪುವುದಿಲ್ಲ.

ಮೂರು, ನಾಲ್ಕನೇ ವಾರ ಭೂಪ್‌ನ ಸ್ವರಗಳು. 'ಸ' ತಂತಿ ಬರಿದೇ ಮೀಟಿದರೆ ಸ. ಅದೇ ತಂತಿಯ ಎರಡನೇ ಮನೆ ಒತ್ತಿದರೆ ರಿ. 'ಗ' ತಂತಿ ಬರಿದೇ ಗ, ಅದರ ಮೂರನೇ ಮನೆ ಪ. 'ಧ' ತಂತಿ ಬರಿದೇ ಧ, ಅದರ ಮೂರನೇ ಮನೆ ಮೇಲಿನ ಸ. ಇಡೀ ಆರೋಹಕ್ಕೆ ಒತ್ತಬೇಕಾದದ್ದು ಮೂರೇ ಜಾಗ. ಎರಡನೇ ಮನೆಗೆ ನಡುಬೆರಳು, ಮೂರನೇ ಮನೆಗೆ ಉಂಗುರದ ಬೆರಳು, ಇದನ್ನು ಮೊದಲಿನಿಂದಲೇ ಅಭ್ಯಾಸ ಮಾಡಿಸಿ. ಫ್ರೆಟ್‌ನ ಅಡ್ಡಗಂಬಿಯ ಮೇಲೆಯೇ ಬೆರಳು ಇಡಬಾರದು, ಅದಕ್ಕೆ ತಾಗುವಷ್ಟು ಹತ್ತಿರ, ಅದರ ಹಿಂದೆ ಇಡಬೇಕು. 'ಟಪ್ ಟಪ್' ಎಂದು ಸತ್ತ ಸದ್ದು ಬಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ.

ಈಗ ಕಾರ್ಡ್

ಒಂದು ಬೆರಳಿನಿಂದ ಶುರು. 'ಧ' ತಂತಿಯ ಮೂರನೇ ಮನೆಯಲ್ಲಿ ಉಂಗುರದ ಬೆರಳು ಇಟ್ಟು ನಾಲ್ಕೂ ತಂತಿ ಸವರಿ. ಪ ಸ ಗ ಸ. ಇದು ಸಿ ಕಾರ್ಡ್, ನಮ್ಮ ಮಕ್ಕಳ ಬಾಯಲ್ಲಿ 'ಸ ಕಾರ್ಡ್', ಕೆಂಪು ಟಿಕಳಿ. ಭೂಪ್‌ನ ಆರೋಹದಲ್ಲಿ ಮೇಲಿನ ಸ ಎಲ್ಲಿತ್ತೋ ಅದೇ ಜಾಗ, ಹಾಗಾಗಿ ಹೊಸದಾಗಿ ಕಲಿಯುವುದು ಏನೂ ಇಲ್ಲ.

ಆಮೇಲೆ ಎ ಮೈನರ್: 'ಪ' ತಂತಿಯ ಎರಡನೇ ಮನೆಯಲ್ಲಿ ನಡುಬೆರಳು, ಅಷ್ಟೇ. ಆ ನಡುಬೆರಳು ಅಲ್ಲೇ ಇರಲಿ, 'ಗ' ತಂತಿಯ ಒಂದನೇ ಮನೆಗೆ ತೋರುಬೆರಳು ಸೇರಿಸಿ. ಅದು ಎಫ್, ಧ ಸ ಮ ಧ. ಈ ಕ್ರಮ ಮುಖ್ಯ. ಬಹಳ ಪಾಠಗಳಲ್ಲಿ ಸಿ ಆದ ಕೂಡಲೇ ಎಫ್ ಕೊಡುತ್ತಾರೆ, ಮಕ್ಕಳ ಕೈ ಹಾರಿ ಹಾರಿ ಸೋಲುತ್ತದೆ. ನಡುವೆ ಎ ಮೈನರ್ ಇಟ್ಟರೆ ಒಂದು ಸಲಕ್ಕೆ ಒಂದೇ ಬೆರಳು ಹೊಸದು.

ಜಿ ಸೆವೆನ್‌ಗೆ ಮೂರು ಬೆರಳು: 'ಗ' ತಂತಿಯ ಒಂದನೇ ಮನೆಯಲ್ಲಿ ತೋರುಬೆರಳು, 'ಸ' ತಂತಿಯ ಎರಡನೇ ಮನೆಯಲ್ಲಿ ನಡುಬೆರಳು, 'ಧ' ತಂತಿಯ ಎರಡನೇ ಮನೆಯಲ್ಲಿ ಉಂಗುರದ ಬೆರಳು. ಇದನ್ನು ದಸರಾ ರಜೆ ಮುಗಿಯುವವರೆಗೆ ಮುಟ್ಟಬೇಡಿ. ಕೆಲವು ಮಕ್ಕಳಿಗೆ ವರ್ಷ ಪೂರ್ತಿ ಬರದಿದ್ದರೂ ಪರವಾಗಿಲ್ಲ. ಹತ್ತು ಜನ ನುಡಿಸುವಾಗ ಇಬ್ಬರಿಗೆ ಒಂದು ಕಾರ್ಡ್ ಅಂತ ಹಂಚಿ. ನಿಮ್ಮ ಕೈ ಎತ್ತಿದಾಗ ಅವರವರ ಗುಂಪು ನುಡಿಸಲಿ.

ಯಾವ ಹಾಡು?

ಮಕ್ಕಳಿಗೆ ಬರುವ ಹಾಡು, ಅಷ್ಟೇ. ಕೋಲಾಟದ ಪದ, ಜೋಗುಳ, ಮಳೆ ಬಾರದಿದ್ದಾಗ ಗುರ್ಚಿ ಹೊತ್ತು ಹಾಡುವುದು, ಮೊಹರಂನ ರಿವಾಯತ್ ಪದ, ವಚನ. ಬೀದರ್ ಕಡೆಯ ಶಾಲೆಯಾದರೆ ಮರಾಠಿ ಅಭಂಗವೂ ಸೇರುತ್ತದೆ. ತಾಂಡಾದ ಮಕ್ಕಳು ತಮ್ಮ ಹಾಡನ್ನು ಶಾಲೆಯಲ್ಲಿ ಹಾಡಲು ನಾಚುತ್ತಾರೆ. ಒಮ್ಮೆ ತಂತಿ ಜೊತೆಯಾದರೆ ನಾಚಿಕೆ ಬಿಡುತ್ತದೆ.

ಇಲ್ಲಿ ಒಂದು ಎಚ್ಚರ. ನಮ್ಮ ಹಾಡುಗಳು ಕಾರ್ಡ್‌ಗಾಗಿ ಹುಟ್ಟಿದವಲ್ಲ. ಸುಮ್ನೆ ನಾಲ್ಕು ಸಾಲಿಗೆ ನಾಲ್ಕು ಕಾರ್ಡ್ ತುರುಕಿದರೆ ಹಾಡು ಸಿನಿಮಾ ರೀಮಿಕ್ಸ್ ಆಗುತ್ತದೆ. ನಾನು ಹೀಗೆ ಮಾಡುತ್ತೇನೆ: ಮೊದಲು ಹಾಡನ್ನು ಪ-ಸ ಶ್ರುತಿಯ ಮೇಲೆ ಹಾಡಿಸಿ ಕೇಳುತ್ತೇನೆ. ಹಾಗೇ ಚಂದ ಇದ್ದರೆ ಕೈ ಹಚ್ಚುವುದಿಲ್ಲ. ಶಿಶುಗೀತೆಗಳಿಗೆ, ಕುಣಿತದ ಹಾಡುಗಳಿಗೆ ಸಿ, ಎಫ್ ಎರಡು ಕಾರ್ಡ್ ಹಿತವಾಗಿ ಹೊಂದುತ್ತವೆ. ವಚನಕ್ಕೆ ಶ್ರುತಿಯೇ ಸಾಕು. ಹಾಂ, ಮಾಲಕಂಸ್‌ನಂಥ ಪಂಚಮವೇ ಇಲ್ಲದ ರಾಗದ ಹಾಡಾದರೆ 'ಪ' ತಂತಿ ಬಿಟ್ಟು ಬರೀ 'ಸ' ಮೀಟಿಸಿ. ಇಲ್ಲವಾದರೆ ಊರ ಹಾರ್ಮೋನಿಯಂ ಮಾಸ್ತರರು ಬಂದು ನಿಮ್ಮ ಕಿವಿ ಹಿಂಡುತ್ತಾರೆ.

ವೇದಿಕೆಯ ಅವಸರ

ಜೂನ್‌ನಲ್ಲಿ ಶುರು ಮಾಡಿದರೆ ಆಗಸ್ಟ್ 15ಕ್ಕೆ ನುಡಿಸಿ ಎಂದು ಕೇಳುತ್ತಾರೆ. ಬೇಡ ಅನ್ನಿ. ಸೆಪ್ಟೆಂಬರ್ 17ಕ್ಕೆ, ನಮ್ಮ ಕಲ್ಯಾಣ ಕರ್ನಾಟಕ ಉತ್ಸವದ ದಿನ, ಮತ್ತೆ ಕೇಳುತ್ತಾರೆ. ಆಗ ಬೇಕಾದರೆ ಪ-ಸ ಶ್ರುತಿಯ ಮೇಲೆ ಒಂದು ಹಾಡು ಹಾಡಿಸಿ. ಕಾರ್ಡ್ ಹಿಡಿದು ನುಡಿಸುವುದಕ್ಕೆ ನವೆಂಬರ್ 1 ಸರಿಯಾದ ದಿನ. ಅವಸರಕ್ಕೆ ಬಿದ್ದರೆ ಏನಾಗುತ್ತದೆ ಗೊತ್ತಾ? ಚೆನ್ನಾಗಿ ಬರುವ ನಾಲ್ಕೇ ಮಕ್ಕಳ ಕೈಗೆ ಎಲ್ಲ ವಾದ್ಯ ಹೋಗುತ್ತದೆ, ಉಳಿದ ಮೂವತ್ತಾರು ಮಕ್ಕಳು ನೋಡುತ್ತಾ ಕೂರುತ್ತಾರೆ. ಪ್ರತಿಭಾ ಕಾರಂಜಿಯ ಹೆಸರಲ್ಲೂ ಇದೇ ಆಗುವ ಅಪಾಯ ಇದೆ. ಇನ್ನು ವೇದಿಕೆಯ ಮೇಲೆ ಮೈಕನ್ನು ವಾದ್ಯಕ್ಕೆ ಇಡಿ, ಬಾಯಿಗೆ ಬೇಡ. ಮಕ್ಕಳ ದನಿ ಹೇಗೂ ಊರಿಗೆಲ್ಲ ಕೇಳುತ್ತದೆ.

ಸುಗ್ಗಿ ಮುಗಿದ ಮೇಲೆ ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಪುಣೆ, ಬೆಂಗಳೂರು ಸೇರುತ್ತಾರೆ. ಎರಡು ತಿಂಗಳಾದ ಮೇಲೆ ಬಂದು ಕೂತಾಗ ಅವರಿಗೆ ಕಾರ್ಡ್ ಮರೆತಿರುತ್ತದೆ. ಪ-ಸ ಮರೆತಿರುವುದಿಲ್ಲ. ಆ ಗುಂಪಿಗೆ ಸೇರಿಸಿ, ಅದೇ ದಿನ ಹಾಡಿನೊಳಗೆ ಬರುತ್ತಾರೆ.

ಬಿಸಿಲು ಮತ್ತು ಬೇಸಿಗೆ ರಜೆ

ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಯುಕುಲೇಲೆಗೆ ಅದು ಆಗಿಬರುವುದಿಲ್ಲ. ಮೊದಲ ಬೇಸಿಗೆಯಲ್ಲಿ ನಾನು ಎಲ್ಲವನ್ನೂ ತಗಡಿನ ಮಾಡಿನ ಕೋಣೆಯಲ್ಲಿ ಬೀಗ ಹಾಕಿ ಹೋದೆ. ಜೂನ್‌ನಲ್ಲಿ ತೆಗೆದರೆ ಎರಡರಲ್ಲಿ ತಂತಿ ಕಟ್ಟುವ ಬ್ರಿಜ್ ಅಂಟು ಬಿಟ್ಟು ಎದ್ದು ನಿಂತಿತ್ತು. ಊರ ಬಡಿಗರು ಹಳೆಯ ಅಂಟು ಕೆರೆದು, ಮರಗೆಲಸದ ಅಂಟು ಹಚ್ಚಿ, ಒಂದು ದಿನ ಪೂರ್ತಿ ಶಿಕಂಜಿಯಲ್ಲಿ (ಮರ ಬಿಗಿಹಿಡಿಯುವ ಸಾಧನ) ಬಿಗಿದು ಕೂರಿಸಿದರು. ಇನ್ನೂ ಗಟ್ಟಿಯಾಗಿವೆ. ಆದರೆ ಒಂದರ ಎದೆಯ ಹಲಗೆ ಸೀಳಿತ್ತು, ಅದು ಹೋಯಿತು.

ಈಗ ಏಪ್ರಿಲ್‌ನ ಕೊನೆಯ ಕೆಲಸದ ದಿನ ಮಕ್ಕಳೇ ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸುತ್ತಾರೆ. ಪ್ರತಿ ತಂತಿಯನ್ನು ಎರಡು ಸ್ವರದಷ್ಟು ಇಳಿಸುತ್ತೇವೆ. ಚೀಲದ ಮೇಲೆ ನಂಬರ್ ಬರೆದು, ಆರ್‌ಸಿಸಿ ಕೋಣೆಯ ಕಬ್ಬಿಣದ ಅಲಮಾರಿಯ ಕೆಳಗಿನ ಖಾನೆಯಲ್ಲಿ ಇಡುತ್ತೇವೆ. ಮೇಲಿನ ಖಾನೆ ಬಿಸಿ, ಅದು ಕಡತಗಳಿಗೆ. ಇಲಿ ಇದ್ದರೆ ಬಟ್ಟೆ ಚೀಲ ಕಡಿಯುತ್ತದೆ, ಅಲಮಾರಿಯ ಬಾಗಿಲು ಪೂರ್ತಿ ಮುಚ್ಚುತ್ತದೆಯೇ ನೋಡಿಕೊಳ್ಳಿ. ಸ್ಟಾಕ್ ರಿಜಿಸ್ಟರಿನಲ್ಲಿ ನಂಬರ್ ಸಹಿತ ಬರೆಸಿ, ನಿಮಗೆ ವರ್ಗ ಆದರೂ ವಾದ್ಯ ಶಾಲೆಯಲ್ಲಿ ಉಳಿಯಬೇಕಲ್ವಾ.

ಶಾಲೆ ತೆರೆಯುವ ಮುನ್ನಾದಿನ ಒಬ್ಬರೇ ಹೋಗಿ ಅಲಮಾರಿ ತೆಗೆಯಿರಿ. ಎಲ್ಲ ತಂತಿಯೂ ಜೋತುಬಿದ್ದಿರುತ್ತದೆ. ಒಂದೆರಡು ಸೆಟ್ ಬದಲಿಸಬೇಕಾಗಬಹುದು. ಎರಡು ಗಂಟೆ ಕೆಲಸ. ಹೋಗುವಾಗ ಹೊಸ ಟಿಕಳಿ ಪ್ಯಾಕೆಟ್ ತೆಗೆದುಕೊಂಡು ಹೋಗಿ, ಹಳೆಯವೆಲ್ಲ ಬಿಸಿಲಿಗೆ ಉದುರಿರುತ್ತವೆ.